ಲೋಟದ ಮೇಲಿನ ಬಿಲ್ಲೆ

ಗೋಪುರ ಸರಿಯುತ್ತಿದೆ, ಇಲ್ಲ, ಸರಿಯುತ್ತಿರುವುದು ಮೋಡ, ಗೋಪುರ ನಿಂತಲ್ಲೇ ನಿಂತಿದೆ, ಕತ್ತೆತ್ತಿ ತುಸು ಹೆಚ್ಚು ಹೊತ್ತು ನೋಡಿದರೆ ಹೀಗೇ, ಯಾವುದು ಓಡುತ್ತಿದೆ ಯಾವುದು ನಿಂತಿದೆ ಎಂಬುದೇ ಬಗೆಹರಿಯುವುದಿಲ್ಲ, ಹೈಡ್ರುನ್ ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಕಣ್ಣು ಮುಚ್ಚಿದಳು, ಮುಚ್ಚಿದರೂ ಕಲ್ಲು ಸರಿಯುವುದು ನಿಲ್ಲಲಿಲ್ಲ, ಪಕ್ಕದಲ್ಲಿ ಕ್ಲೆಮೆನ್ಸ್ ಮಾತಾಡುತ್ತಲೇ ಇದ್ದಾನೆ, ಈ ಮನುಷ್ಯನ ಬಾಯಿಗೆ ಬೀಗವೇ ಇಲ್ಲ, ಚಾಲಕನೊಂದಿಗೆ ಮಾತಾಡಬಾರದು ಎಂಬ ಫಲಕದ ಕೆಳಗೆ ಕೂತು ಇದೇ ಕಲೋನ್ ಊರಿನಲ್ಲಿ ಜೀವಮಾನವೆಲ್ಲ ಟ್ರಾಮ್ ಓಡಿಸಿದವನು, ಆಗ ನುಂಗಿಕೊಂಡದ್ದನ್ನೆಲ್ಲ ಈಗ ಕಕ್ಕುತ್ತಿದ್ದಾನೆ — ಅಲ್ಲಿ ಮೇಲೆ ನೋಡು, ಅಟ್ಟಣೆ ಕಟ್ಟಿದಾರಲ್ಲ, ನಾನು ಹುಟ್ಟಿದಾಗ್ಲೂ ಇತ್ತು, ಸಾಯುವಾಗ್ಲೂ ಇರುತ್ತೆ, ಈ ಇಗರ್ಜಿ ಕೆಲಸ ಮುಗಿದ ದಿನ ಲೋಕಾನೇ ಮುಗಿಯುತ್ತೆ ಅಂತ ನಮ್ಮೂರಲ್ಲಿ ಹೇಳ್ತಾರೆ, ಅದಕ್ಕೇ ನಾವು ಮುಗಿಸೋದೇ ಇಲ್ಲ — ಅವನು ನಕ್ಕ, ಅವಳೂ ನಕ್ಕಳು, ಆದರೆ ಅವಳ ಊರು ಪ್ಲಾವೆನ್ನಿನಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ, ಪ್ಲಾವೆನ್ನಿನ ಲೇಸ್ ಕಾರ್ಖಾನೆಯಲ್ಲಿ ಒಂದು ಎಳೆ ಬಿಟ್ಟುಹೋದರೂ ಇಡೀ ತುಂಡನ್ನು ಮತ್ತೆ ಅವಳ ಮೇಜಿಗೆ ಎಸೆಯುತ್ತಿದ್ದರು, ಬಿಟ್ಟ ಎಳೆಗಳನ್ನು ಹುಡುಕಿ ಹೆಣೆಯುವುದೇ ಅವಳ ಕೆಲಸವಾಗಿತ್ತು, ಮುಗಿಸದೆ ಎದ್ದವಳಲ್ಲ ಅವಳು. ಈಗ ನೋಡಿದರೆ ನಿನ್ನೆ ಕೇಳಿದ ಒಂದು ಮಾತಿಗೆ ಉತ್ತರ ಹೇಳಲಾರದೆ ಕತ್ತೆತ್ತಿಕೊಂಡು ಅಟ್ಟಣೆ ನೋಡುತ್ತ ನಿಂತಿದ್ದಾಳೆ. ನಿನ್ನೆ, ರೈಲು ಸೇತುವೆಯ ಪಕ್ಕದ ಕಾಲುದಾರಿಯಲ್ಲಿ, ಪ್ರೇಮಿಗಳು ಹೆಸರು ಕೆತ್ತಿಸಿ ತಗುಲಿಹಾಕಿದ ಬೀಗಗಳ ಜಾಲರಿಗೆ ಬೆನ್ನು ಕೊಟ್ಟು ನಿಂತು ಕೇಳಿದ, ಬಂದುಬಿಡು ಹೈಡ್ರುನ್, ಇಲ್ಲೇ ಇದ್ದುಬಿಡು, ಒಂದು ಚಳಿಗಾಲ ಇದ್ದು ನೋಡು ಅಂತ ಕೇಳ್ತಿಲ್ಲ, ಇದ್ದುಬಿಡು ಅಂತ ಕೇಳ್ತಿದೀನಿ, ನಾಳೆ ನಿನ್ನ ರೈಲು ಹೊರಡೋಕೆ ಮೊದಲು ಹೇಳು, ಬೇಡ ಅನ್ನಿಸಿದ್ರೂ ಹೇಳು, ನಾನು ಮುನಿಸಿಕೊಳ್ಳೋನಲ್ಲ. ಆಮೇಲೆ ಅವನು ಮುಂದೆ ಮುಂದೆ ನಡೆದ, ಮಂಡಿ ನೋವಿದ್ದವನು ಆ ದಿನ ಬೇಗ ಬೇಗ ನಡೆದ.

ಮಂಡಿಯಿಂದಲೇ ಅಲ್ಲವೇ ಇದೆಲ್ಲ ಶುರುವಾದದ್ದು, ಇಬ್ಬರಿಗೂ ಹೊಸ ಮಂಡಿ ಕೂರಿಸಿ, ವಿಮೆಯವರ ಖರ್ಚಿನಲ್ಲಿ ಚೇತರಿಕೆಗೆಂದು ಬಿಸಿನೀರಿನ ಬುಗ್ಗೆಯ ಊರಿಗೆ ಕಳಿಸಿದ್ದರು, ಕೊಳದಲ್ಲಿ ಕಂಬಿ ಹಿಡಿದು ಕಾಲು ಬೀಸುವಾಗ ಪಕ್ಕದ ಕಂಬಿಯಲ್ಲಿ ಇವನು, ಮೊದಲ ದಿನವೇ ನೀನು ಎಂದುಬಿಟ್ಟ, ಅವಳಿಗೆ ಮೈಯೆಲ್ಲ ಮುಳ್ಳಾಗಿತ್ತು, ಇವತ್ತಿಗೂ ಅವಳ ಬಾಯಲ್ಲಿ ನೀವು ಎಂದೇ ಬರುತ್ತದೆ, ಅವನು ಬಿದ್ದು ಬಿದ್ದು ನಗುತ್ತಾನೆ, ಟ್ರಾಮಿನಲ್ಲಿ ಟಿಕೆಟ್ ಕೇಳಿದ ಹಾಗೆ ಮಾತಾಡ್ತೀಯಲ್ಲ ಮಾರಾಯ್ತಿ ಎಂದು. ಅಂಥ ಊರುಗಳಲ್ಲಿ ಹುಟ್ಟುವ ಸ್ನೇಹಕ್ಕೆ ಜನ ನೆರಳು ಎಂದು ಹೆಸರಿಟ್ಟಿದ್ದಾರೆ, ಪೆಟ್ಟಿಗೆ ಕಟ್ಟುವ ದಿನ ನೆರಳನ್ನು ಅಲ್ಲೇ ಬಿಟ್ಟು ಬರುವುದು ರಿವಾಜು, ಮಗಳು ಸಿಲ್ಕೆ ಅದನ್ನೇ ಹೇಳಿ ಹಂಗಿಸಿದಳು, ಏನಮ್ಮ, ನೆರಳನ್ನ ಮನೇವರೆಗೂ ಎಳಕೊಂಡು ಬಂದೆಯಾ. ಒಳಗೆ ಹೋಗೋಣ ಬಾ ಎಂದು ಕ್ಲೆಮೆನ್ಸ್ ಭಾರದ ಬಾಗಿಲು ತಳ್ಳಿ ಹಿಡಿದ, ಒಳಗೆ ತಣ್ಣಗೆ, ಕತ್ತಲೆ, ಬಣ್ಣದ ಗಾಜಿನ ಬೆಳಕು ನೆಲದ ಮೇಲೆ ಚೆಲ್ಲಿಕೊಂಡಿತ್ತು, ಅದನ್ನು ತುಳಿಯದೆ ದಾಟಲು ನೋಡಿದಳು, ಹುಚ್ಚು, ಬೆಳಕನ್ನು ದಾಟುತ್ತಾರೆಯೇ, ಕ್ಲೆಮೆನ್ಸ್ ಮೇಣದ ಬತ್ತಿಗಳ ಕಟ್ಟೆಯ ಹತ್ತಿರ ಮಾತು ನಿಲ್ಲಿಸಿದ, ಇಡೀ ದಿನದಲ್ಲಿ ಅದೊಂದೇ ಕಡೆ, ತನ್ನ ಹೆಂಡತಿ ಮಾರ್ಲೀಸಳಿಗೆ ಒಂದು ಬತ್ತಿ ಹಚ್ಚಿದ, ಆರು ಚಳಿಗಾಲ ಆಯಿತು ಅವಳು ಹೋಗಿ, ಆಮೇಲೆ ಇನ್ನೊಂದು ಬತ್ತಿಯನ್ನು ಹೈಡ್ರುನಳ ಕೈಯಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ದೇವರಿಲ್ಲ ಎಂದು ಶಾಲೆಯಲ್ಲೇ ಕಲಿಸಿದ ನಾಡಿನಲ್ಲಿ ಬೆಳೆದವಳು, ಬತ್ತಿ ಹಿಡಿದು ಏನು ಮಾಡಬೇಕು, ಗಂಡ ಡೀಟ್ಮಾರ್ ಇದ್ದಿದ್ದರೆ ನಗುತ್ತಿದ್ದ, ಹಚ್ಚೋದಾದ್ರೆ ಶೆಡ್ಡಲ್ಲಿ ಹಚ್ಚು, ನನಗೆ ಸ್ಕ್ರೂ ಕಾಣೋದಿಲ್ಲ ಎನ್ನುತ್ತಿದ್ದ, ಆದರೂ ಹಚ್ಚಿದಳು, ಡೀಟ್ಮಾರ್‌ಗೆ, ಬೇರೆ ಯಾರಿಗೆ, ಹಚ್ಚಿದ ಮೇಲೆ ಮುಜುಗರವಾಯಿತು, ಒಬ್ಬ ಗಂಡಸು ಕೊಟ್ಟ ಬತ್ತಿಯನ್ನು ಇನ್ನೊಬ್ಬ ಗಂಡಸಿಗೆ ಹಚ್ಚಿದ ಹಾಗಾಯಿತಲ್ಲ. ಮೇಣ ಕರಗಿ ಜೇನಿನಂಥ ವಾಸನೆ ಬಂತು.

ಜೇನಿನ ವಾಸನೆಯಲ್ಲ ಅದು, ಕೊಳೆತ ಪ್ಲಮ್ ಹಣ್ಣಿನ ವಾಸನೆ, ಪ್ಲಾವೆನ್ನಿನ ಊರಾಚೆ ತೋಟಗಾರರ ಸಂಘದಿಂದ ಗುತ್ತಿಗೆಗೆ ಪಡೆದ ತೋಟದ ತುಂಡು, ಸಂಘದವರು ಕೊಟ್ಟ ನಂಬರಿನ ಬೇಲಿಬಾಗಿಲು, ಡೀಟ್ಮಾರ್ ಕೈಯಾರೆ ಕಟ್ಟಿದ ಹಲಗೆ ಶೆಡ್ಡು, ಅದರ ಮುಂದಿನ ಪ್ಲಮ್ ಮರ, ಸೆಪ್ಟೆಂಬರ್ ಬಂತೆಂದರೆ ಕಣಜದ ಹುಳುಗಳ ಗುಂಯ್‌ಗುಡುವಿಕೆ — ಸಿಲ್ಕೆ ಆಗ ಚಿಕ್ಕವಳು, ಡೀಟ್ಮಾರ್ ಮರದ ಕೆಳಗೆ ಕೂತು ಕಾರ್ಖಾನೆಯ ಏನೋ ಕಥೆ ಹೇಳುತ್ತಿದ್ದಾನೆ, ಬಿಯರ್ ಲೋಟ ಕೈಯಲ್ಲಿದೆ, ಅವನ ಕಣ್ಣು ಹೆಂಡತಿಯ ಮೇಲಿದೆ, ಲೋಟದ ಮೇಲಿಲ್ಲ, ಲೋಟದೊಳಗೆ ಒಂದು ಕಣಜದ ಹುಳು, ಗಾಜಿನ ಗೋಡೆ ಹತ್ತುತ್ತದೆ, ಜಾರುತ್ತದೆ, ಮತ್ತೆ ಹತ್ತುತ್ತದೆ, ಅವಳು ಅದನ್ನು ಕಂಡಳು, ನೋಡು ಎನ್ನಬೇಕು, ಒಂದೇ ಒಂದು ಮಾತು, ಅದು ಬಾಯಿಗೆ ಬರುವಷ್ಟರಲ್ಲಿ ಅವನು ನಗುತ್ತ ಲೋಟ ಎತ್ತಿ ಕುಡಿದ. ಗಂಟಲೊಳಗೆ ಕುಟುಕಿತು, ಮುಖ ಊದಿ ನೀಲಿಯಾಯಿತು, ಪಕ್ಕದ ತೋಟದವನು ಕಾರಿನಲ್ಲಿ ಹಾಕಿಕೊಂಡು ಓಡಿದ, ಡೀಟ್ಮಾರ್ ಬದುಕಿದ, ಬದುಕಿ ಬಂದವನು ಅದನ್ನೂ ಒಂದು ಕಥೆ ಮಾಡಿಕೊಂಡು ಹೇಳುತ್ತಿದ್ದ, ಆದರೆ ಅಂದಿನಿಂದ ಅವಳ ಕೈಗೆ ಒಂದು ಅಭ್ಯಾಸ ಹತ್ತಿತು, ಅವನು ಎದ್ದ ಕೂಡಲೇ, ನೀರು ಬಿಡಲಿಕ್ಕೋ ಮೂತ್ರಕ್ಕೋ ಯಾರನ್ನೋ ಮಾತಾಡಿಸಲಿಕ್ಕೋ, ಲೋಟದ ಕೆಳಗಿನ ರಟ್ಟಿನ ಬಿಲ್ಲೆ ತೆಗೆದು ಲೋಟದ ಮೇಲೆ ಮುಚ್ಚುವುದು, ಅವನು ಬಂದು ಬಿಲ್ಲೆ ತೆಗೆದು ಕುಡಿಯುವನು, ಥ್ಯಾಂಕ್ಸ್ ಎಂದವನಲ್ಲ, ಅವಳೂ ನಿರೀಕ್ಷಿಸಿದವಳಲ್ಲ, ಮದುವೆ ಎಂದರೆ ಅಷ್ಟೇ ತಾನೆ, ಒಬ್ಬರು ಎದ್ದು ಹೋದಾಗ ಇನ್ನೊಬ್ಬರು ಲೋಟ ಮುಚ್ಚುವುದು. ಕೊನೆಗೆ ಆಸ್ಪತ್ರೆಯಲ್ಲೂ ಮಂಚದ ಪಕ್ಕದ ನೀರಿನ ಲೋಟವನ್ನು ಮುಚ್ಚಿಟ್ಟಿದ್ದಳು, ಸಾಸರಿನಿಂದ, ಅವನನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಹೋದಾಗ, ಬಂದಾಗ ಕುಡಿಯಲಿ ಎಂದು. ಅದಾದ ಮೇಲೆ ಯಾರ ಲೋಟವನ್ನೂ ಮುಚ್ಚಿಲ್ಲ, ನೆಂಟರದ್ದಿಲ್ಲ, ಮಗಳದ್ದೂ ಇಲ್ಲ. ಹೋಗೋಣವಾ ಎಂದು ಕ್ಲೆಮೆನ್ಸ್ ಮೆಲ್ಲಗೆ ಅವಳ ಮೊಣಕೈ ಮುಟ್ಟಿದ.

ಹೊರಗೆ ಬಿಸಿಲು, ಜನ, ನೂಕುನುಗ್ಗಲು, ಅಂಗಡಿ ಬೀದಿಯಲ್ಲಿ ಎಲ್ಲರ ಕೈಯಲ್ಲೂ ಚೀಲ, ಬೆಳ್ಳಿ ಬಣ್ಣ ಬಳಿದುಕೊಂಡ ಒಬ್ಬ ಅಲುಗಾಡದೆ ನಿಂತಿದ್ದಾನೆ, ಕಾಸು ಹಾಕಿದರೆ ಮಾತ್ರ ಅಲುಗುತ್ತಾನೆ, ಅವನಿಗೆ ಎಷ್ಟು ಸುಖ, ಯಾವಾಗ ಅಲುಗಬೇಕು ಎಂಬುದು ಗೊತ್ತಿದೆಯಲ್ಲ, ಕ್ಲೆಮೆನ್ಸ್ ಅವಳನ್ನು ಸುಗಂಧದಂಗಡಿಗೆ ನುಗ್ಗಿಸಿದ, ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ, ನಮ್ಮ ಕಲೋನ್ ನೀರು ಹಾಕ್ಕೊಳ್ದೆ ಹೇಗೆ ಹೋಗ್ತೀಯ, ಅಂಗಡಿಯ ಹುಡುಗಿ ಅವಳ ಎರಡೂ ಮಣಿಕಟ್ಟಿಗೆ ಚಿಮುಕಿಸಿಬಿಟ್ಟಳು, ಕಿತ್ತಳೆ, ನಿಂಬೆ, ಇನ್ನೇನೋ ಹೂವು — ಅಯ್ಯೋ, ಇದು ಟ್ರೂಡೆ ಚಿಕ್ಕಮ್ಮನ ಪೊಟ್ಟಣದ ವಾಸನೆ, ದೇಶದ ನಡುವೆ ಗೋಡೆಯಿದ್ದ ಕಾಲದಲ್ಲಿ ಪಶ್ಚಿಮ ಭಾಗದಿಂದ ಕ್ರಿಸ್‌ಮಸ್ಸಿಗೆ ಬರುತ್ತಿದ್ದ ಪೊಟ್ಟಣ, ಕಾಫಿಪುಡಿ, ಚಾಕಲೇಟು, ಕಲೋನ್ ನೀರಿನ ಸಣ್ಣ ಬಾಟಲಿ, ಮುಚ್ಚಳ ಸರಿಯಾಗಿ ಕೂರದೆ ಚಾಕಲೇಟಿಗೂ ಅದೇ ವಾಸನೆ ಹತ್ತಿರುತ್ತಿತ್ತು, ಅಮ್ಮ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವಳು, ಒಳ್ಳೆಯ ದಿನ ಬಂದಾಗ ಹಾಕಿಕೊಳ್ಳೋಣ ಎಂದು, ಅಮ್ಮ ಸತ್ತಾಗ ಬೀರು ತೆಗೆದರೆ ಸಾಲಾಗಿ ನಿಂತಿದ್ದವು ಬಾಟಲಿಗಳು, ಒಂದರದ್ದೂ ಮುಚ್ಚಳ ತೆರೆದಿರಲಿಲ್ಲ. ಹೈಡ್ರುನ್ ಮಣಿಕಟ್ಟನ್ನು ಮೂಗಿಗೆ ಹಿಡಿದುಕೊಂಡೇ ಬೀದಿಗೆ ಬಂದಳು. ಸಾಸಿವೆ ಅಂಗಡಿಯಲ್ಲಿ ಸಿಲ್ಕೆಗೆಂದು ಒಂದು ಭರಣಿ ಕೊಂಡದ್ದಾಯಿತು, ಲೇಸ್ ಮೇಜುಹಾಸೊಂದನ್ನು ಹಿಂದುಮುಂದು ತಿರುವಿ ನೋಡಿ ಇಟ್ಟದ್ದಾಯಿತು, ಹಿಂಬದಿಯ ಗಂಟುಗಳನ್ನು ಯಾರೋ ಸೋಮಾರಿ ಕತ್ತರಿಸದೆ ಬಿಟ್ಟಿದ್ದರು, ಅಷ್ಟರಲ್ಲಿ ಕ್ಲೆಮೆನ್ಸ್ ಎಲ್ಲಿ, ಕಾಣುವುದಿಲ್ಲ, ಎಷ್ಟು ಜನ, ಎಲ್ಲರೂ ಬೂದು ಜಾಕೆಟ್ಟಿನವರೇ, ಈ ಊರಿನಲ್ಲಿ ಅವನ ಹೊರತು ತನಗೆ ಯಾರೂ ಗೊತ್ತಿಲ್ಲ, ಅವನಾದರೂ ಎಷ್ಟು ಗೊತ್ತು — ಅಗೋ ಅಲ್ಲಿ, ಎದುರಿನ ಪಾದರಕ್ಷೆ ಅಂಗಡಿಯಲ್ಲಿ, ಬೂದು ಉಣ್ಣೆಯ ಮನೆಚಪ್ಪಲಿ ಒಂದು ಜೊತೆ ಎತ್ತಿ ಹಿಡಿದು, ಗಾಜಿನಾಚೆಯಿಂದ ಬೆರಳಲ್ಲಿ ಕೇಳುತ್ತಿದ್ದಾನೆ, ನಿನ್ನ ಅಳತೆ ಎಷ್ಟು.

ಮನೆಚಪ್ಪಲಿ ಊರಲ್ಲಿದೆ ಎಂದಳು, ಯಾವ ಊರಲ್ಲಿ ಎಂದ, ಪ್ಲಾವೆನ್ನಲ್ಲಿ ಎಂದಳು, ಅದು ಅಲ್ಲಿಗಾಯ್ತು, ಇಲ್ಲಿಗೆ ಎಂದ, ಅವಳು ನೋಡೋಣ ಎಂದಳು, ಅವನು ನೋಡೋಣ ಎನ್ನುವುದನ್ನು ಹೂಂ ಎಂದೇ ತಿಳಿದು ಕೊಂಡುಬಿಟ್ಟ, ಈಗ ಚೀಲ ಅವನ ಕೈಯಲ್ಲಿ ಓಲಾಡುತ್ತಿದೆ. ಬೆಳಿಗ್ಗೆ ಕಾಫಿಗೆ ಅವನ ಮನೆಗೆ ಹೋದಾಗ, ಇವಳು ಉಳಿದುಕೊಂಡದ್ದು ಮೂಲೆಯ ಅತಿಥಿಗೃಹದಲ್ಲಿ, ಜನ ಏನೆಂದಾರು ಎಂದಲ್ಲ, ಈ ವಯಸ್ಸಿನಲ್ಲಿ ಜನ ಏನೂ ಎನ್ನುವುದಿಲ್ಲ, ತನಗೇ ಏನೆನ್ನಿಸೀತೋ ಎಂಬ ಅಂಜಿಕೆ, ಆಗ ಅವನು ಬಟ್ಟೆ ಬೀರು ತೆಗೆದು ತೋರಿಸಿದ, ಅರ್ಧ ಖಾಲಿ ಮಾಡಿದ್ದ, ಬರಿಯ ಹ್ಯಾಂಗರುಗಳು ನೇತಾಡುತ್ತಿದ್ದವು, ನಿಂಗೆ ಎಂದ, ಅವಳಿಗೆ ಅಲ್ಲಿಂದ ಓಡಿಬಿಡಬೇಕೆನ್ನಿಸಿತು, ಓಡಿಬಿಡಬೇಕೆನ್ನಿಸಿತೋ ಅಳು ಬಂತೋ, ಯಾವುದು ಮೊದಲು ಬಂತು ಎಂದು ಈಗ ನೆನಪಿಲ್ಲ, ಇಷ್ಟು ಮಾತ್ರ ನೆನಪಿದೆ, ಒಂದು ಹ್ಯಾಂಗರಿಗೆ ಅವನು ಬಟ್ಟೆ ಸುತ್ತಿದ್ದ, ಉಲ್ಲನ್ ಸ್ವೆಟರು ಭುಜದಲ್ಲಿ ಜಗ್ಗಬಾರದು ಎಂದು, ಅವಳು ಯಾವಾಗಲೋ ಬಿಸಿನೀರಿನ ಊರಲ್ಲಿ ಹೇಳಿದ್ದ ಮಾತು, ಇಂಥದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಗಂಡಸನ್ನು ಏನು ಮಾಡುವುದು. ಬರುತ್ತೇನೆ ಎಂದರೆ ತೋಟ ಬಿಡಬೇಕು, ವರ್ಷಪೂರ್ತಿ ದುಡಿಯದವರ ಕೈಯಲ್ಲಿ ಸಂಘ ತೋಟ ಬಿಡುವುದಿಲ್ಲ, ಸರದಿಯಲ್ಲಿ ಜನ ಕಾದಿದ್ದಾರೆ, ಬಂದವರು ಮೊದಲು ಮಾಡುವ ಕೆಲಸವೇ ಹಳೆಯ ಮರ ಕಡಿಯುವುದು. ಬರುವುದಿಲ್ಲ ಎಂದರೆ ಆ ಹ್ಯಾಂಗರುಗಳು ಹಾಗೇ ನೇತಾಡುತ್ತವೆ. ಅತ್ತ ದರಿ ಇತ್ತ ಪುಲಿ, ನಡುವೆ ನಿಂತವಳ ಕಾಲಿಗೆ ಉಣ್ಣೆಯ ಚಪ್ಪಲಿ ಬೇರೆ. ಹಸಿವಾಯ್ತು ಬಾ ಎಂದು ಕ್ಲೆಮೆನ್ಸ್ ಓಣಿಯೊಳಗೆ ತಿರುಗಿದ.

ಬಿಯರ್ ಮನೆಯೊಳಗೆ ಗದ್ದಲವೋ ಗದ್ದಲ, ಉಜ್ಜಿ ಉಜ್ಜಿ ಬೆಳ್ಳಗಾದ ಮರದ ಮೇಜುಗಳು, ಅಪರಿಚಿತರ ಭುಜಕ್ಕೆ ಭುಜ ತಾಗಿಸಿ ಕೂರಬೇಕು, ತೆರೆದ ಕಿಟಕಿಯ ಹತ್ತಿರ ಜಾಗ ಸಿಕ್ಕಿತು, ನೀಲಿ ಅಂಗಿ, ಉದ್ದನೆಯ ನೀಲಿ ಏಪ್ರನ್ನಿನ ದಡಿಯ ಬಂದ, ಈ ಊರಿನ ಬಿಯರ್ ಮನೆಗಳಲ್ಲಿ ಬಡಿಸುವವನಿಗೆ ಕೋಬೆಸ್ ಎಂದೇ ಹೆಸರು, ಹೆತ್ತವರು ಇಟ್ಟ ಹೆಸರು ಏನಾದರೂ ಇರಲಿ, ಅವಳು ಒಂದು ಲೋಟ ನೀರು ಸಿಗಬಹುದೇ ಎಂದು ಕೇಳಿದಳು, ಮೆಲ್ಲಗೆ, ಮರ್ಯಾದೆಯಿಂದ, ಕೋಬೆಸ್ ಕ್ಲೆಮೆನ್ಸನ ಕಡೆ ತಿರುಗಿದ, ಎಲ್ಲಿಂದ ಕರ್ಕೊಂಡು ಬಂದೆಯಪ್ಪ ಇವ್ರನ್ನ, ನೀರು ಬೇಕಂದ್ರೆ ರೈನ್ ನದಿ ಇಲ್ಲೇ ಪಕ್ಕದಲ್ಲಿದೆ ತಾಯಿ, ಎದ್ದು ನಾಲ್ಕು ಹೆಜ್ಜೆ ನಡೀರಿ, ಎಂದು ಎರಡು ಸಣ್ಣ ಉದ್ದ ಲೋಟ ಬಿಯರನ್ನು ಕುಕ್ಕಿ ಹೋದ. ಅವಳ ಕಿವಿ ಬಿಸಿಯಾಯಿತು. ಹೆದರ್ಕೋಬೇಡ, ಬೈದ ಅಂದ್ರೆ ನೀನು ಅವನಿಗೆ ಹಿಡಿಸಿದೆ ಅಂತ, ಕ್ಲೆಮೆನ್ಸ್ ನಗುತ್ತ ಲೋಟ ತಾಗಿಸಿದ, ಕಣ್ಣಲ್ಲಿ ಕಣ್ಣಿಟ್ಟು, ಇಲ್ಲಿ ಕೇಳು, ಲೋಟ ಖಾಲಿಯಾಗೋದೇ ತಡ, ಕೇಳದೇನೇ ಇನ್ನೊಂದು ತಂದಿಡ್ತಾನೆ, ಬಿಲ್ಲೆ ಮೇಲೆ ಪೆನ್ಸಿಲಲ್ಲಿ ಗೀಟು ಎಳೀತಾನೆ, ಬೇಡ ಅಂತ ಬಾಯಲ್ಲಿ ಹೇಳಿದ್ರೆ ಅವನಿಗೆ ಕೇಳಿಸೋದೇ ಇಲ್ಲ, ಸಾಕು ಅನ್ನಿಸಿದ್ರೆ ಬಿಲ್ಲೆ ತೆಗೆದು ಲೋಟದ ಮೇಲೆ ಮುಚ್ಚೋದು, ಮುಗೀತು, ಲೆಕ್ಕ ಕೂಡಿಸ್ತಾನೆ, ನಮ್ಮೂರಲ್ಲಿ ಅದಕ್ಕೆ ಎರಡನೇ ಮಾತಿಲ್ಲ — ಅಷ್ಟರಲ್ಲಿ ಕೈಚೀಲದೊಳಗೆ ಫೋನು, ಸಿಲ್ಕೆ, ಅಮ್ಮಾ ಎಲ್ಲಿದೀಯ, ಏನು ಗಲಾಟೆ ಅದು, ಕೇಳು, ಸಂಘದ ಅಧ್ಯಕ್ಷರು ಬೇಲಿ ಹತ್ರ ಬಂದಿದ್ರು, ತೋಟ ಇಟ್ಕೋತೀರೋ ಬಿಡ್ತೀರೋ ಅಂತ ಈ ವಾರ ಹೇಳ್ಬೇಕಂತೆ, ಪ್ಲಮ್ ಎಲ್ಲ ಉದುರಿದೆ, ನೆಲದ ತುಂಬ ಕಣಜದ ಹುಳ, ನಾನೊಬ್ಬಳೇ ಎಷ್ಟು ಅಂತ ಆರಿಸ್ಲಿ, ಅದು ಅಪ್ಪನ ಮರ ಅಂತ ನಿಂಗೆ ನೆನಪಿದೆ ತಾನೆ — ಈ ಕಿವಿಯಲ್ಲಿ ಮಗಳು, ಆ ಕಿವಿಯಲ್ಲಿ ಕ್ಲೆಮೆನ್ಸ್ ಇನ್ನೂ ಏನೋ ಹೇಳುತ್ತಿದ್ದ, ತಮಾಷೆಯ ದನಿಯಲ್ಲಿ, ನಿನ್ನೆ ಕೇಳಿದ್ದಕ್ಕೂ ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಕಷ್ಟ ಆದ್ರೆ ಬಿಲ್ಲೆ ಮುಚ್ಚಿಬಿಡು, ನನಗೆ ಅರ್ಥ ಆಗುತ್ತೆ. ಅವಳು ಹೂಂ ಹೂಂ ಎಂದಳು, ಯಾರಿಗೆ ಎಂದಳೋ, ಸಿಲ್ಕೆಗೆ ಇರಬೇಕು.

ಊಟ ಬಂತು, ಸ್ವರ್ಗ ಮತ್ತು ಭೂಮಿ ಎಂದು ಅದರ ಹೆಸರಂತೆ, ಮರದ ಮೇಲಿನ ಸೇಬು ಸ್ವರ್ಗ, ಮಣ್ಣಿನೊಳಗಿನ ಆಲೂಗಡ್ಡೆ ಭೂಮಿ, ಎರಡನ್ನೂ ಹಿಸುಕಿ ಒಂದೇ ತಟ್ಟೆಗೆ ಹಾಕಿ ಮೇಲೆ ಹುರಿದ ರಕ್ತದ ಸಾಸೇಜಿನ ಬಿಲ್ಲೆಗಳು, ಅವಳಿಗೆ ಸಿಹಿಯೂ ಉಪ್ಪೂ ಬೆರೆತರೆ ಸೇರುವುದಿಲ್ಲ, ಆದರೂ ತಿಂದಳು, ತಿನ್ನುತ್ತ ತಿನ್ನುತ್ತ ರುಚಿ ಹತ್ತಿತು, ಇದೂ ಒಂದು ತೊಡಕು, ಸೇರದಿರುವುದು ಸೇರತೊಡಗಿದರೆ ಯಾರನ್ನು ದೂರುವುದು, ಕ್ಲೆಮೆನ್ಸ್ ತನ್ನ ತಟ್ಟೆಯ ಗರಿಗರಿ ಈರುಳ್ಳಿಯನ್ನೆಲ್ಲ ಅವಳ ತಟ್ಟೆಗೆ ದೂಡಿದ, ಅವಳು ಕೇಳಿರಲಿಲ್ಲ, ಕೇಳದಿದ್ದರೂ ಬೇಕಾಗಿತ್ತು, ಗಡಿಯಾರ ನೋಡಿದಳು, ರೈಲಿಗೆ ಇನ್ನೂ ಹೊತ್ತಿದೆ, ಹೇಳಬೇಕು, ಈಗ ಹೇಳಬೇಕು, ಏನು ಹೇಳಬೇಕು, ಅವನು ಬಾಯಿ ಒರೆಸಿಕೊಂಡು ಮೇಜಿಗೆ ಎರಡೂ ಕೈ ಊರಿ ಎದ್ದ, ಮಂಡಿ ಲಟಕ್ಕೆಂದಿತು, ಹೋಗಿ ಬಂದೆ, ಎಂದು ಹಿಂದಿನ ಬಾಗಿಲ ಕಡೆ ಹೊರಟ, ದಾರಿಯಲ್ಲಿ ಯಾರದೋ ಬೆನ್ನು ತಟ್ಟಿದ, ಇನ್ಯಾರೊಂದಿಗೋ ನಿಂತು ನಕ್ಕ, ಅವನ ಜಾಕೆಟ್ಟಿನ ಕಾಲರು ಒಂದು ಕಡೆ ಒಳಗೆ ಮಡಚಿಕೊಂಡಿತ್ತು, ಬಂದ ಮೇಲೆ ಸರಿಮಾಡಬೇಕು, ಡೀಟ್ಮಾರ್‌ನದೂ ಹೀಗೇ — ಕಿವಿಯ ಹತ್ತಿರ ಗುಂಯ್ ಎಂದಿತು. ಕಿಟಕಿಯಿಂದ ಬಂದದ್ದು, ಮಣಿಕಟ್ಟಿನ ಕಿತ್ತಳೆ ವಾಸನೆಗೋ ಸೇಬಿನ ವಾಸನೆಗೋ, ಮಣಿಕಟ್ಟಿನ ಸುತ್ತ ಸುತ್ತಿತು, ತಟ್ಟೆಯಂಚಿಗೆ ಕೂತಿತು, ಎದ್ದಿತು, ಕ್ಲೆಮೆನ್ಸನ ಅರ್ಧ ಉಳಿದ ಲೋಟದ ಬಾಯಿಯ ಮೇಲೆ ಒಂದು ಸುತ್ತು ಹಾಕಿತು. ಆಮೇಲೆ ಅದು ಎತ್ತ ಹೋಯಿತೋ ಅವಳು ನೋಡಲಿಲ್ಲ, ಸಂಘದವರಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದಳು, ಬಾಗಿಲ ಬಳಿ ಅವನ ಬೂದು ತಲೆ ಕಾಣುತ್ತಿದೆಯೇ ಎಂದು ನೋಡುತ್ತಿದ್ದಳು, ಕಾಣುತ್ತಿತ್ತು, ಅವನು ಇನ್ನೂ ಯಾರೊಂದಿಗೋ ಮಾತಾಡುತ್ತಿದ್ದ, ಅವಳಿಗೆ ಒಳಗೊಳಗೇ ಹಿತವಾಯಿತು, ಬರುತ್ತಾನೆ, ಬಂದು ಇಲ್ಲೇ ಕೂರುತ್ತಾನೆ ಎಂದು. ಕೈ ತಾನಾಗಿ ಲೋಟ ಎತ್ತಿ ಅದರ ಕೆಳಗಿನ ಬಿಲ್ಲೆಯನ್ನು ತೆಗೆದು ಲೋಟದ ಮೇಲೆ ಮುಚ್ಚಿತು.

ಕೋಬೆಸ್ ಹಾದುಹೋಗುತ್ತಿದ್ದವನು ನಿಂತ, ಬಿಲ್ಲೆ ನೋಡಿದ, ಕಿವಿಯ ಸಂದಿಯ ಪೆನ್ಸಿಲು ತೆಗೆದು ಬಿಲ್ಲೆಯ ಗೀಟುಗಳ ಕೆಳಗೆ ಏನೋ ಬರೆದ, ಅವಳ ಲೋಟದ ಬುಡದಲ್ಲೂ ಇಣುಕಿದ, ಅವಳಿಗೆ ಅರ್ಥವಾಗಲಿಲ್ಲ, ಇಲ್ಲಿನವರು ಏನು ಮಾಡಿದರೂ ಅವಳಿಗೆ ಅರ್ಥವಾಗುವುದು ಒಂದು ಗಳಿಗೆ ತಡವಾಗಿಯೇ, ಅಷ್ಟರಲ್ಲಿ ಕ್ಲೆಮೆನ್ಸ್ ಕುಂಟುತ್ತ ಬರುತ್ತಿದ್ದಾನೆ, ಕೋಬೆಸ್ ಇಡೀ ಸಾಲಿಗೆ ಕೇಳುವಂತೆ, ಬಾರಪ್ಪ ಬಾ, ನಿನ್ನ ಲೋಟಕ್ಕೆ ಮುಚ್ಚಳ ಬಿತ್ತು, ಅದೂ ಯಜಮಾನ್ತಿ ಕೈಯಿಂದ, ನಿನ್ನ ಕಥೆ ಮುಗೀತು ನೋಡು. ಪಕ್ಕದ ಮೇಜಿನವರು ನಕ್ಕರು. ಕ್ಲೆಮೆನ್ಸನೂ ನಕ್ಕ, ಎಲ್ಲರೂ ನಕ್ಕು ಮುಗಿಸಿದ ಮೇಲೆ ನಕ್ಕ, ಬೆಂಚಿನ ಮೇಲೆ ಕೂತ, ಕಾಲರು ಇನ್ನೂ ಮಡಚಿಕೊಂಡೇ ಇತ್ತು, ಬಿಲ್ಲೆಯನ್ನು ನೋಡಿದ. ಸರಿ ಹೈಡ್ರುನ್, ಎಂದ, ಗೊತ್ತಾಯ್ತು, ಬಾಯಲ್ಲಿ ಹೇಳೋದಕ್ಕಿಂತ ಇದೇ ವಾಸಿ, ಮುನಿಸಿಕೊಳ್ಳಲ್ಲ ಅಂದಿದ್ದೆನಲ್ಲ, ಮುನಿಸಿಲ್ಲ, ಎಂದು ಜೇಬಿನಿಂದ ಪರ್ಸು ತೆಗೆದು ಮೇಜಿನ ಮೇಲಿಟ್ಟ, ಕಾಗದದ ಚೀಲವನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದ, ಚಪ್ಪಲಿ ಮಾತ್ರ ತಗೊಂಡು ಹೋಗು, ಪ್ಲಾವೆನ್ನಲ್ಲೂ ಚಳಿ ಇರುತ್ತೆ.

ಏನು ಗೊತ್ತಾಯಿತು, ಏನು ವಾಸಿ, ಯಾಕೆ ಈ ಮನುಷ್ಯ ಚಪ್ಪಲಿಯ ಮಾತಾಡುತ್ತಿದ್ದಾನೆ — ಬಿಲ್ಲೆ, ಸಾಕು ಅನ್ನಿಸಿದ್ರೆ ಬಿಲ್ಲೆ, ನಿನ್ನೆ ಕೇಳಿದ್ದಕ್ಕೂ ಬಿಲ್ಲೆ, ಅಯ್ಯೋ, ಅವನು ಹೇಳಿದ್ದ, ಆ ಕಿವಿಯಲ್ಲಿ ಹೇಳಿದ್ದ, ತಾನು ಹೂಂ ಎಂದಿದ್ದಳು, ಅಲ್ಲ, ಅಲ್ಲ ಕ್ಲೆಮೆನ್ಸ್, ಇದು ಸಾಕು ಎನ್ನುವುದಲ್ಲ, ನಮ್ಮ ಕಡೆ ಇದು ಬೇಗ ಬಾ ಎನ್ನುವುದು, ನಿನ್ನದು ನಿನಗೇ ಇದೆ, ಯಾರೂ ಮುಟ್ಟುವುದಿಲ್ಲ, ನಾನು ಕಾಯುತ್ತಿದ್ದೇನೆ ಎನ್ನುವುದು, ಇಷ್ಟು ವರ್ಷ ಒಬ್ಬನಿಗೆ ಮಾತ್ರ ಮಾಡಿದ್ದನ್ನು ನಿನಗೆ ಮಾಡಿದೆ, ಕೇಳಿ ಮಾಡಲಿಲ್ಲ, ಯೋಚಿಸಿ ಮಾಡಲಿಲ್ಲ, ಕೈ ಮಾಡಿತು — ಆದರೆ ಕೈ ಯಾರಿಗೆ ಮಾಡಿತು, ಕಾಲರು ಮಡಚಿದ್ದನ್ನು ನೋಡಿ ಡೀಟ್ಮಾರ್ ಎಂದುಕೊಂಡು ಮಾಡಿತೋ, ಇಲ್ಲ, ಬೂದು ತಲೆ ಬಾಗಿಲ ಬಳಿ ಕಂಡಾಗ ಹಿತವಾಯಿತಲ್ಲ, ಅದು ಡೀಟ್ಮಾರ್ ಅಲ್ಲ, ಅದು ಇವನು, ಇವನು ಬೇಕು, ದೇವರಾಣೆಗೂ ಈ ಬಾಯಿಬಡುಕ ತನಗೆ ಬೇಕು, ದೇವರೇ ಇಲ್ಲದವಳಿಗೆ ಎಂಥ ಆಣೆ, ಹೇಳಬೇಕು, ಕಣಜದ ಹುಳ ಬಂದಿತ್ತು ಎನ್ನಬೇಕು, ಎಲ್ಲಿದೆ ಹುಳ ಎಂದರೆ, ಕಿಟಕಿಯಲ್ಲಿಲ್ಲ, ತಟ್ಟೆಯಲ್ಲಿಲ್ಲ, ಹುಳದ ನೆಪ ಹೇಳುತ್ತಿದ್ದಾಳೆ ಎಂದುಕೊಂಡಾನು, ಕನಿಕರಕ್ಕೆ ಮಾತು ತಿರುಗಿಸುತ್ತಿದ್ದಾಳೆ ಎಂದುಕೊಂಡಾನು, ಮರದ ಕೆಳಗೆ ಬಾಯಿಗೆ ಬಾರದ ಮಾತು ಇವತ್ತೂ ಬರುತ್ತಿಲ್ಲ, ಅವನು ಏನೋ ಹೇಳುತ್ತಿದ್ದಾನೆ, ನಿಲ್ದಾಣಕ್ಕೆ ಟ್ರಾಮ್ ಬೇಡ, ನಡೆದೇ ಹೋಗೋಣ, ಇನ್ನೂ ಹೊತ್ತಿದೆ, ಉಳಿದದ್ದು ಒಂದು ಗುಟುಕು ಮುಗಿಸಿಬಿಡ್ತೀನಿ, ಎಂದು ಅವಳ ಮುಖವನ್ನೇ ನೋಡುತ್ತ, ನಗಲು ನೋಡುತ್ತ, ಒಂದು ಕೈ ಲೋಟಕ್ಕೆ ಒಂದು ಕೈ ಬಿಲ್ಲೆಗೆ, ಕಣ್ಣು ಅವಳ ಮೇಲಿದೆ, ಲೋಟದ ಮೇಲಿಲ್ಲ — ಲೋಟದೊಳಗೆ, ಬಿಲ್ಲೆಯ ಕೆಳಗೆ, ಹಳದಿ ಬಿಯರಿನ ಮೇಲೆ, ಗಾಜಿನ ಗೋಡೆಗೆ ಕಾಲು ಹಚ್ಚಿ, ಅದು.

ತೆಗೀಬೇಡ, ಎಂದಳು, ಅಂಗೈಯನ್ನು ಬಿಲ್ಲೆಯ ಮೇಲೆ ಒತ್ತಿ ಹಿಡಿದಳು. ಅವನ ಕೈ ಅವಳ ಕೈಯ ಕೆಳಗೆ ಸಿಕ್ಕಿಕೊಂಡಿತು, ಇನ್ನೂ ಅವಳನ್ನೇ ನೋಡುತ್ತಿದ್ದ, ಆಯ್ತಲ್ಲ ಹೈಡ್ರುನ್, ಗೊತ್ತಾಯ್ತು ಅಂದೆನಲ್ಲ, ಎಂದ, ಮೆಲ್ಲಗೆ, ಏಟು ತಿಂದವನ ಹಾಗೆ, ಅವಳು ಕೈ ಬಿಡಲಿಲ್ಲ, ನನ್ನನ್ನಲ್ಲ, ಎಂದಳು, ಲೋಟ ನೋಡು, ನೋಡೋ, ಎಂದಳು, ಅವನ ಕಣ್ಣು ಇಳಿಯತೊಡಗಿತು, ಅವಳ ಬಾಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಬಿಲ್ಲೆಗೆ, ಬಿಲ್ಲೆಯಿಂದ ಕೆಳಗೆ, ಇನ್ನು ಹೇಳಬೇಕಾದದ್ದೆಲ್ಲ ಆಮೇಲೆ, ತೋಟ, ಮರ, ಡೀಟ್ಮಾರ್, ಎಲ್ಲ ಆಮೇಲೆ, ಈಗ ಅವಳಿಗೆ ಬೇರೇನೂ ಕಾಣುತ್ತಿಲ್ಲ, ಅಂಗೈಯ ಕೆಳಗೆ ಬಿಲ್ಲೆ, ಬಿಲ್ಲೆಯ ಕೆಳಗೆ ಗಾಜು, ಗಾಜಿನೊಳಗೆ ಹುಳು ಹತ್ತುತ್ತದೆ, ಜಾರುತ್ತದೆ, ಮತ್ತೆ ಹತ್ತುತ್ತದೆ.